ಹಗೇವಿನ ಉಬ್ಬೆ

ಸವಳುಮಣ್ಣು ಹಚ್ಚಿದ ಬಟ್ಟೆ ಹಬೆಯಲ್ಲಿ ಬೇಯುವ ವಾಸನೆ ಮೂಗಿಗೆ ಬಡಿದಾಗ ನಾನು ಮೈಸೂರು ಸೀಮೆಯ ಒಂದು ಕೆರೆ ಏರಿಯ ಮೇಲೆ ನಡೆಯುತ್ತಿದ್ದೆ. ಕೆಳಗೆ ಅಗಸನೊಬ್ಬ ‘ಉಬ್ಬೆ ಇಳಿಸೋ’ ಎಂದು ಯಾರನ್ನೋ ಕೂಗಿದ. ನನ್ನ ಕಾಲು ಅಲ್ಲೇ ನಿಂತಿತು. ನೆನೆದ ಬಟ್ಟೆಯನ್ನು ಬಾನಿಯಲ್ಲಿ ಒಟ್ಟಿ, ಬಾಯಿ ಮುಚ್ಚಿ ಬೇಯಿಸುವುದು ಉಬ್ಬೆ. ಗಾಳಿಯಾಡದ ಸೆಕೆಗೂ ಅಲ್ಲಿಂದಲೇ ಆ ಹೆಸರು ಬಂದಿರಬೇಕು. ನಮ್ಮ ಹಿರಿಯರು ಯಾವ ಕಾಲದಲ್ಲೋ ಕನ್ನಡ ಸೀಮೆ ಬಿಟ್ಟು ತಮಿಳು ಸೀಮೆಯ ಕಂಬಂ ಕಣಿವೆಗೆ ಬರುವಾಗ ಆ ಮಾತನ್ನೂ ಗಂಟು ಕಟ್ಟಿಕೊಂಡು ಬಂದರು. ಕಾಮಯಗೌಂಡನ್‌ಪಟ್ಟಿಯ ನಮ್ಮ ಮನೆಯಲ್ಲಿ ಅದಕ್ಕೆ ಉಳಿದಿದ್ದುದು ಒಂದೇ ಅರ್ಥ: ಕಾಳಿನ ಹಗೇವಿನೊಳಗಿನ ಉಸಿರುಕಟ್ಟಿಸುವ ಗಾಳಿ. ಇಂದಿಗೂ ನಾನು ಆ ಮಾತನ್ನು ನಾಚಿಕೆಯಿಲ್ಲದೆ ಆಡಲಾರೆ.

ಸುತ್ತಲಿನ ತಮಿಳು ಮನೆಗಳಲ್ಲಿ ಕಾಳನ್ನು ಕುದಿರು ಎಂಬ ಮಣ್ಣಿನ ದೊಡ್ಡ ಗುಡಾಣಗಳಲ್ಲಿಡುತ್ತಿದ್ದರು. ನಾವು ಮಾತ್ರ ಅಂಗಳದಲ್ಲಿ ಆಳವಾದ ಕುಳಿ ತೋಡಿ, ಹುಲ್ಲು ಹಾಸಿ, ಜೋಳ ತುಂಬಿ, ಕಲ್ಲು ಮುಚ್ಚಿ ಮಣ್ಣು ಮೆತ್ತುತ್ತಿದ್ದೆವು. ಅದೇ ಹಗೇವು, ಅದರ ಬಗ್ಗೆ ನಮಗೆ ಇಲ್ಲದ ಜಂಬ. ಮುಚ್ಚಿಟ್ಟ ಕಾಳು ಬೆವತು ಒಳಗೆ ಉಬ್ಬೆ ಕಟ್ಟುತ್ತದೆ, ದೀಪ ಇಳಿಸಿ ಅದು ಉರಿದರೆ ಮಾತ್ರ ಆಳು ಇಳಿಯಬೇಕು ಎಂಬುದು ಮನೆಯ ಮಕ್ಕಳಿಗೂ ಗೊತ್ತಿತ್ತು. ಪೆರಿಯಾರ್ ಹೊಳೆಯ ನೀರು ಬೆಟ್ಟ ಕೊರೆದ ಸುರಂಗದಿಂದ ಮೊದಲ ಸಲ ಕಣಿವೆಗಿಳಿದ ವರ್ಷ ನನ್ನ ಸೋದರತ್ತೆಯ ಮದುವೆ ಗೊತ್ತಾಯಿತು. ಮದುವೆಯ ಜೋಳಕ್ಕೆಂದು ಅರ್ಧಕ್ಕಿಳಿದಿದ್ದ ಹಗೇವು ತೆರೆದು ಅಪ್ಪ ದೀಪ ತಂದರು. ಅಜ್ಜಿ ಅಡ್ಡ ನಿಂತಳು.

‘ಬ್ಯಾಡಪ್ಪಾ. ಕಲ್ಯಾಣದ ಮನೇಲಿ ದೀಪ ನಂದ್ಹೋದ್ರೆ ಕುಲಕ್ಕಾಗದು.’

ಅಪ್ಪ ದೀಪವನ್ನು ಒಳಗಿಟ್ಟು ಬಂದರು. ನಮ್ಮ ಆಳು ಮಾಯಾಂಡಿ ಎದುರಾಡದೆ ಸೊಂಟಕ್ಕೆ ಹಗ್ಗ ಕಟ್ಟಿಕೊಂಡು, ಬುಟ್ಟಿ ಹಿಡಿದು ಇಳಿದ. ಬುಟ್ಟಿ ಮೇಲೆ ಬರಲೇ ಇಲ್ಲ. ಕೂಗಿದರೆ ಓ ಎನ್ನಲಿಲ್ಲ. ಅವನನ್ನು ಎಳೆದು ಹಾಕುವಷ್ಟರಲ್ಲಿ ಎಲ್ಲ ಮುಗಿದಿತ್ತು.

‘ಉಬ್ಬೆ ಹೊಡೀತು’ ಎಂದು ನಮ್ಮವರು ಬಂದವರಿಗೆಲ್ಲ ಹೇಳಿದರು. ಹೇಳಿ ಹೇಳಿ ತಪ್ಪೆಲ್ಲ ಉಬ್ಬೆಯದೇ ಎಂದು ಅವರಿಗೇ ಅನ್ನಿಸಿತು. ಮದುವೆಯೂ ನಿಲ್ಲಲಿಲ್ಲ, ಆ ಜೋಳದ ಊಟ ನಾನೂ ಉಂಡೆ. ಆದರೆ ನನ್ನನ್ನು ಇಂದಿಗೂ ಸುಡುವುದು ಅದಲ್ಲ. ಅವತ್ತು ಮಾಯಾಂಡಿಯ ಹೆಂಡತಿ ಮೂಕ್ಕಾಯಿ ಓಡಿಬಂದು ಗಂಡನ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು ಕುಳಿತಳು. ಎದೆ ಬಡಿದುಕೊಳ್ಳಲಿಲ್ಲ. ‘ವೆಳಕ್ಕು ಎರಕ್ಕಿ ಪಾತ್ತೀಹಳಾ, ಆತ್ತಾ?’ ಎಂದಳು. ದೀಪ ಇಳಿಸಿ ನೋಡಿದಿರಾ ತಾಯಿ ಎಂದು.

‘ಪಾತ್ತೋಂ’ ಎಂದಳು ಅಜ್ಜಿ, ನೋಡಿದೆವು ಎಂದು. ಆಮೇಲೆ ಅಪ್ಪನ ಕಡೆ ತಿರುಗಿ ನಮ್ಮ ಮಾತಿನಲ್ಲಿ, ‘ಇಳಿಸ್ಲಿಲ್ಲ ಅಂತ ಇವ್ಳಿಗೆ ಹೇಳ್ಬ್ಯಾಡ, ಹೊಟ್ಟೆ ಉರ್ಕೊಂಡಾಳು. ಸುಮ್ನಿರು’ ಎಂದಳು.

ಮೂಕ್ಕಾಯಿ ಚಿಕ್ಕಂದಿನಿಂದ ನಮ್ಮ ಮನೆಯಲ್ಲೇ ಜೋಳ ಕುಟ್ಟಿದವಳು. ನನ್ನನ್ನು ಎತ್ತಿ ಆಡಿಸಿದ್ದು, ನನಗೆ ಮೊದಲ ಮಾತು ಕಲಿಸಿದ್ದು ಅವಳೇ, ಅದೂ ನಮ್ಮ ಕನ್ನಡದಲ್ಲೇ. ಆ ಗಳಿಗೆಯಲ್ಲಿ ಅಜ್ಜಿಗೆ ಅದು ಮರೆತೇ ಹೋಗಿತ್ತು. ಮೂಕ್ಕಾಯಿ ಗಂಡನ ಕೂದಲಲ್ಲಿ ಸಿಕ್ಕಿಕೊಂಡಿದ್ದ ಜೋಳದ ಕಾಳುಗಳನ್ನು ಒಂದೊಂದಾಗಿ ಆರಿಸಿ, ಅಜ್ಜಿಯ ಕಾಲ ಬಳಿ ಇಟ್ಟಳು.