ಟೀಚರಮ್ಮನ ರೋಮನ್ ದೇವರುಗಳು ಮತ್ತು ನಾನು ಬರೆದ ಸಾಲು

ಬೆಳಿಗ್ಗೆ ಐದೂವರೆಗೆ ಎದ್ದದ್ದು. ಹಾಲು ಕಾಯಿಸಿದ್ದು. ದೇವರಿಗೆ ದೀಪ ಹಚ್ಚಿದ್ದು. ಮಗಳ ಡಬ್ಬಿಗೆ ಚಿತ್ರಾನ್ನ ಹಾಕಿದ್ದು, ಅವಳು 'ನಾಟ್ ಅಗೇನ್, ಅಮ್ಮ' ಅಂದದ್ದು. ಗಂಡನ ಫ್ಯಾಕ್ಟರಿ ಅಂಗಿಗೆ ಗುಂಡಿ ಹೊಲಿದದ್ದು. ಕಸದ ಬಿನ್ನನ್ನು ರಸ್ತೆಗೆ ಎಳೆದಿಟ್ಟದ್ದು. ಮೆಲ್ಬರ್ನಿನ ಡ್ಯಾಂಡಿನಾಂಗಿನಲ್ಲಿ ಬಸ್ಸು ಹತ್ತಿ ಗ್ಲೆನ್ ವೇವರ್ಲಿಯಲ್ಲಿ ಇಳಿದದ್ದು. ಟೀಚರಮ್ಮನಿಗೆ ಸ್ನಾನ ಮಾಡಿಸಿ, ಕಾಲಿಗೆ ಕ್ರೀಮು ಹಚ್ಚಿ, ಬಿಗಿ ಕಾಲುಚೀಲ ಏರಿಸಿದ್ದು. ಮಾತ್ರೆ ಕೊಟ್ಟದ್ದು. ಹತ್ತು ಗಂಟೆಯ ಮೀಟಿಂಗಿಗೆಂದು ಟೇಬಲ್ ಒರೆಸಿ ನಾಲ್ಕು ಕಪ್ ಜೋಡಿಸಿದ್ದು. ಆಮೇಲೆ ಆ ಮೀಟಿಂಗಿನಲ್ಲಿ ಜಗಳ ಆಡಿದ್ದು. ಕೊನೆಯದು ನನ್ನ ಡ್ಯೂಟಿ ಪಟ್ಟಿಯಲ್ಲಿ ಇರಲಿಲ್ಲ.

ಸಿಟ್ಟು ಇನ್ನೂ ಇಳಿದಿಲ್ಲ. ಯಾರ ಮೇಲೆ ಎಂದು ಕೇಳಿದರೆ, ಮೊದಲು ನನ್ನ ಮೇಲೆಯೇ.

ನಾನು ವಯಸ್ಸಾದವರ ಮನೆಗೆ ಹೋಗಿ ಅವರನ್ನು ನೋಡಿಕೊಳ್ಳುವ ಕೆಲಸದವಳು. ಟೀಚರಮ್ಮ ಎಂದು ನಾನು ಕರೆಯುವುದು ಎಂಬತ್ತು ದಾಟಿದ ಒಬ್ಬ ಬಿಳಿಯ ಹೆಂಗಸನ್ನು. ಜೀವಮಾನವಿಡೀ ಹೈಸ್ಕೂಲಿನಲ್ಲಿ ಲ್ಯಾಟಿನ್ ಕಲಿಸಿದವರು. ಗಂಡ ತೀರಿಕೊಂಡು ಒಂಟಿಯಾಗಿದ್ದಾರೆ. ಒಬ್ಬನೇ ಮಗ, ಸಿಡ್ನಿಯ ಮಾರ್ಸ್‌ಡನ್ ಪಾರ್ಕಿನಲ್ಲಿ ಹೊಸ ಮನೆ ಕಟ್ಟಿಸಿಕೊಂಡಿದ್ದಾನೆ. ಎಂಟು ತಿಂಗಳಿಂದ ವಾರಕ್ಕೆ ನಾಲ್ಕು ಬೆಳಿಗ್ಗೆ ನಾನು ಅವರ ಮನೆಗೆ ಹೋಗುತ್ತೇನೆ.

ಮೊದಲ ದಿನ ಹೋದಾಗ ಅಡಿಗೆಮನೆಯ ಗೋಡೆಯಲ್ಲಿ, ಸ್ಟವ್ ಪಕ್ಕಕ್ಕೆ, ಬಾಗಿಲಿಲ್ಲದ ಒಂದು ಪುಟ್ಟ ಕಪಾಟು ಕಂಡಿತು. ಒಳಗೆ ಗೇಣುದ್ದದ ಕಂಚಿನ ಗೊಂಬೆಗಳು. ಎರಡು ಕುಣಿಯುವ ಭಂಗಿಯ ಹುಡುಗರು, ಕೈಯೆತ್ತಿ ಕೊಂಬಿನಿಂದ ಏನನ್ನೋ ಸುರಿಯುವಂತೆ. ನಡುವೆ ತಲೆಗೆ ಮುಸುಕು ಹಾಕಿದ ಒಬ್ಬ ಗಂಡಸು. ಕೆಳಗೆ ಗೋಡೆಗೆ ಬಣ್ಣದಲ್ಲಿ ಬರೆದ ಹಾವು. ಟೀಚರಮ್ಮ ಹೆಗಲ ಮೇಲಿನ ಸ್ಕಾರ್ಫನ್ನು ತಲೆಗೆ ಎಳೆದುಕೊಂಡರು, ಸಣ್ಣ ಎಣ್ಣೆದೀಪ ಹಚ್ಚಿದರು, ಪುಟ್ಟ ಧೂಪದಾನಿಯ ಕೆಂಡದ ಮೇಲೆ ಚಿಟಿಕೆ ಧೂಪ ಹಾಕಿದರು. ಉಪ್ಪು ಬೆರೆಸಿದ ಹಿಟ್ಟು ಚೆಲ್ಲಿದರು, ಬಟ್ಟಲಿಗೆ ಹಾಲು ಬಿಟ್ಟರು, ಬಲಗೈ ತುಟಿಗೆ ಮುಟ್ಟಿಸಿಕೊಂಡು ಏನೋ ಹೇಳಿದರು. ಹದಿನೈದು ನಿಮಿಷ. ಆಮೇಲೆ ಟೋಸ್ಟ್ ತಿನ್ನುವಾಗ ಒಂದು ಚೂರು ನೆಲಕ್ಕೆ ಬಿತ್ತು. ನಾನು ಬಗ್ಗಿ ಕಸಕ್ಕೆ ಹಾಕಲು ಹೊರಟರೆ ಕೈ ಹಿಡಿದು ತಡೆದರು. ಆ ಚೂರನ್ನು ಮೊದಲು ಟೇಬಲ್ಲಿನ ಮೇಲಿಟ್ಟು, ಊಟ ಮುಗಿದ ಮೇಲೆ ಕೆಂಡಕ್ಕೆ ಹಾಕಿದರು.

ನಮ್ಮ ಕೆಲಸದಲ್ಲಿ ಪ್ರತಿ ಶಿಫ್ಟಿಗೂ ಫೋನಿನಲ್ಲಿ ವರದಿ ಬರೆಯಬೇಕು. ಟ್ರೈನಿಂಗಿನಲ್ಲಿ ಹೇಳಿಕೊಟ್ಟದ್ದು ಒಂದೇ ಮಾತು: ಕಂಡದ್ದನ್ನು ಬರೆ, ಅನಿಸಿದ್ದನ್ನು ಬರೆಯಬೇಡ. ನಾನು ಅಚ್ಚುಕಟ್ಟಿನವಳು. ಮನೆಯಲ್ಲಿ ಗ್ಯಾಸ್ ಬಂದ ದಿನ, ಹಾಲು ಒಡೆದ ದಿನ, ಎಲ್ಲವನ್ನೂ ಕ್ಯಾಲೆಂಡರಿನ ಮೇಲೆ ಬರೆದಿಡುವ ಜಾತಿ. ಕಂಡದ್ದನ್ನು ಇಂಗ್ಲಿಷಿನಲ್ಲಿ ಬರೆದೆ: 'ತಲೆಗೆ ಬಟ್ಟೆ ಮುಚ್ಚಿಕೊಂಡು ಗೊಂಬೆಗಳ ಜೊತೆ ಹದಿನೈದು ನಿಮಿಷ ಮಾತಾಡಿದರು. ಗೊಂಬೆಗಳಿಗೆ ಆಹಾರ ಇಟ್ಟರು. ನೆಲಕ್ಕೆ ಬಿದ್ದ ಆಹಾರವನ್ನು ಎತ್ತಿಟ್ಟುಕೊಂಡರು.'

ಒಂದು ಅಕ್ಷರ ಸುಳ್ಳಿಲ್ಲ. ಅದೇ ಅನ್ಯಾಯ.

ಎರಡನೇ ವಾರ ನಾನು ಕೇಳಿದೆ, ಅವರು ಹೇಳಿದರು. ಅವರ ಇಂಗ್ಲಿಷನ್ನು ಇಲ್ಲಿ ನನ್ನ ಕನ್ನಡದಲ್ಲೇ ಬರೆಯುತ್ತೇನೆ.

"ಹಳೆಯ ರೋಮಿನಲ್ಲಿ ದೊಡ್ಡ ದೇವಸ್ಥಾನ ಸರ್ಕಾರದ್ದು. ಅಡಿಗೆಮನೆ ಮಾತ್ರ ಮನೆಯವರದ್ದು. ಈ ಕುಣಿಯುವ ಇಬ್ಬರು ಲಾರೆಸ್, ಈ ಜಾಗವನ್ನು ಕಾಯುವವರು. ಮುಸುಕಿನವನು ಯಜಮಾನನ ಪ್ರಾಣಶಕ್ತಿ. ದಿನಸಿ ಕಪಾಟಿಗೂ ದೇವರಿದ್ದಾರೆ, ಪೆನಾಟೆಸ್ ಅಂತ."

"ದಿನಸಿ ಕಪಾಟಿಗೆ?"

"ಯಾಕೆ, ಅಲ್ಲಿ ಇರಬಾರದಾ?"

ನಾನು ನಕ್ಕುಬಿಟ್ಟೆ. ನಮ್ಮ ಮನೆಯ ದೇವರು ಇರುವುದೂ ಪ್ಯಾಂಟ್ರಿಯಲ್ಲೇ, ತೊಗರಿಬೇಳೆ ಡಬ್ಬದ ಮೇಲಿನ ಹಲಗೆಯಲ್ಲಿ. ಈ ದೇಶದ ಬಾಡಿಗೆ ಮನೆಗಳಲ್ಲಿ ದೇವರಮನೆ ಎಲ್ಲಿಂದ ತರುವುದು? ಅವರಿಗೆ ಹೇಳಿದಾಗ ಮಕ್ಕಳ ಹಾಗೆ ಚಪ್ಪಾಳೆ ತಟ್ಟಿದರು. ಮೈಸೂರಿನಿಂದ ದೇವರನ್ನು ಹೇಗೆ ತಂದೆ, ಯಾವ ಬ್ಯಾಗಿನಲ್ಲಿ, ದಾರಿಯಲ್ಲಿ ಪೂಜೆ ತಪ್ಪಿದ್ದಕ್ಕೆ ಏನು ಮಾಡಿದೆ, ಎಲ್ಲ ಕೇಳಿದರು. ಆಸ್ಟ್ರೇಲಿಯಾಕ್ಕೆ ಬಂದು ಇಷ್ಟು ವರ್ಷದಲ್ಲಿ ಯಾರೂ ನನ್ನನ್ನು ಅದನ್ನು ಕೇಳಿರಲಿಲ್ಲ.

"ನೀವು ಯಾವಾಗ ಶುರು ಮಾಡಿದ್ದು?" ಎಂದೆ.

"ಗಂಡ ಹೋದ ಮೇಲೆ. ನಲವತ್ತು ವರ್ಷ ಮಕ್ಕಳಿಗೆ ಇದನ್ನು ಪಾಠ ಮಾಡಿದ್ದೆ, ಪರೀಕ್ಷೆಗೆ. ಒಂದು ಬೆಳಿಗ್ಗೆ ಮನೆಯಲ್ಲಿ ಮಾತಾಡಲು ಯಾರೂ ಇರಲಿಲ್ಲ. ಚಿಟಿಕೆ ಉಪ್ಪು ಹಾಕಿ ನೋಡಿದೆ."

ಇಷ್ಟೆಲ್ಲ ಗೊತ್ತಾದ ಮೇಲೆ ನಾನು ವರದಿ ತಿದ್ದಬೇಕಿತ್ತು. ತಿದ್ದಲಿಲ್ಲ. ಬಸ್ಸಿಗೆ ಹೊತ್ತಾಗುತ್ತದೆಂದು ಹಿಂದಿನ ದಿನದ ಸಾಲನ್ನೇ ಕಾಪಿ ಮಾಡಿ ಹಾಕುತ್ತಿದ್ದೆ. ನಮ್ಮಲ್ಲಿ ಎಲ್ಲರೂ ಮಾಡುವುದು ಅದೇ. ಎಂಟು ತಿಂಗಳು, ವಾರಕ್ಕೆ ನಾಲ್ಕು ಸಲ, 'ಗೊಂಬೆಗಳ ಜೊತೆ ಮಾತಾಡಿದರು.'

ನನಗೇ ಇದು ಆಗಿದ್ದನ್ನು ಮರೆತಿದ್ದೆನಲ್ಲ, ಅದಕ್ಕೇ ನನ್ನ ಮೇಲೆ ಸಿಟ್ಟು. ಮೆಲ್ಬರ್ನಿಗೆ ಬರುವ ಮೊದಲು ಎರಡು ವರ್ಷ ನಾವೂ ಮಾರ್ಸ್‌ಡನ್ ಪಾರ್ಕಿನಲ್ಲೇ ರೆಂಟಿಗಿದ್ದೆವು. ಮೂರು ತಿಂಗಳಿಗೊಮ್ಮೆ ಏಜೆಂಟ್ ಹುಡುಗಿ ಇನ್‌ಸ್ಪೆಕ್ಷನ್ನಿಗೆ ಬರುತ್ತಿದ್ದಳು. ಒಂದು ಸಲ ಶೂ ಹಾಕಿಕೊಂಡೇ ಪ್ಯಾಂಟ್ರಿ ಬಾಗಿಲು ತೆಗೆದು, ನನ್ನ ದೇವರ ಫೋಟೋ ಹೊಡೆದುಕೊಂಡು ಹೋದಳು. ರಿಪೋರ್ಟಿನಲ್ಲಿ ಬಂದದ್ದು: 'ಹಲಗೆಯ ಮೇಲೆ ಹೊಗೆಯ ಕಲೆ. ಗುರುತಿಸಲಾಗದ ವಸ್ತುಗಳು. ತೆರವುಗೊಳಿಸಿ.' ಅವಳೂ ಕಂಡದ್ದನ್ನೇ ಬರೆದಿದ್ದಳು. ಆ ದಿನ ನಾನು ನಿಂಬೆರಸ ಹಚ್ಚಿ ಹಲಗೆ ತಿಕ್ಕುತ್ತಾ ಅವಳ ಏಳು ತಲೆಮಾರಿಗೆ ಶಾಪ ಹಾಕಿದ್ದೆ. ಈಗ ಅವಳ ಜಾಗದಲ್ಲಿ ನಾನು.

ಕಳೆದ ತಿಂಗಳು ಟೀಚರಮ್ಮನ ಸ್ಕಾರ್ಫಿನ ಅಂಚು ದೀಪಕ್ಕೆ ತಾಗಿ ಎರಡು ಬೆರಳಷ್ಟು ಸುಟ್ಟಿತು. ಅದನ್ನೂ ಬರೆದೆ, ಬರೆಯಲೇಬೇಕಿತ್ತು. ನಮ್ಮ ವರದಿ ಮನೆಯವರಿಗೂ ಹೋಗುತ್ತದೆ; ಸಿಡ್ನಿಯಲ್ಲಿ ಮಗ ಅದನ್ನು ತನ್ನ ಫೋನಿನಲ್ಲಿ ಓದಿದ. ಹಿಂದಕ್ಕೆ ಹೋಗುತ್ತಾ ಎಂಟು ತಿಂಗಳ ಗೊಂಬೆಗಳನ್ನೂ ಓದಿದ. ಅಮ್ಮನಿಗೆ ಅರಳುಮರಳು ಎಂದು ತೀರ್ಮಾನಿಸಿ, ತನ್ನ ಮನೆಯ ಹತ್ತಿರದ ವೃದ್ಧಾಶ್ರಮದಲ್ಲಿ ಜಾಗ ನೋಡಿ, ಮೀಟಿಂಗ್ ಕರೆದ.

ಮೀಟಿಂಗಿಗೆ ಬಂದದ್ದು ಅವನು ಮತ್ತು ನಮಗೆ ಕೆಲಸ ಹಂಚುವ ಕೋಆರ್ಡಿನೇಟರ್. ಆಕೆ ಮಂಗಳೂರಿನ ಕಡೆಯವರು, ಕೊಂಕಣಿ ಮಾತಾಡುವ ಕ್ಯಾಥೊಲಿಕ್ ಹೆಂಗಸು. ನನ್ನ ಜೊತೆ ಕನ್ನಡ. ಕ್ರಿಸ್‌ಮಸ್ ಹಬ್ಬಕ್ಕೆ ಕುಸ್ವಾರ್ ತಿಂಡಿ ಡಬ್ಬ ತುಂಬಿ ಕೊಟ್ಟವರು. ಕೆಟ್ಟವರಲ್ಲ. ಆ ಮಗನೂ ಕೆಟ್ಟವನಲ್ಲ, ಬೆಳಗಿನ ಜಾವದ ವಿಮಾನಕ್ಕೆ ಬಂದು ಕಣ್ಣು ಕೆಂಪಾಗಿತ್ತು. ಕೆಟ್ಟವರಿದ್ದಿದ್ದರೆ ಬೈಯುವುದು ಸುಲಭವಿತ್ತು.

"ಅಮ್ಮ, ನಿನ್ನ ಗೊಂಬೆಗಳನ್ನೂ ಪ್ಯಾಕ್ ಮಾಡಿ ತಗೊಂಡು ಹೋಗೋಣ. ಯಾರು ಬೇಡ ಅಂದ್ರು?" ಎಂದ.

"ದಿನಸಿಯ ದೇವರು ಬರ್ತಾರೆ. ಅವರು ಪ್ರಯಾಣ ಮಾಡುವವರು," ಎಂದರು ಟೀಚರಮ್ಮ. "ಈ ಇಬ್ಬರು ಈ ಮನೆಯವರು. ಅವರು ಎಲ್ಲಿಗೂ ಬರಲ್ಲ. ನಾನು ಹೋದರೆ ಅವರನ್ನು ಬಿಟ್ಟು ಹೋಗಬೇಕು. ನಿನ್ನಪ್ಪ ಸತ್ತ ಮೇಲೆ ನಾನು ಮಾತಾಡಿದ್ದು ಅವರ ಹತ್ತಿರ."

ಕೋಆರ್ಡಿನೇಟರ್ ಗಂಟಲು ಸರಿಮಾಡಿಕೊಂಡು ನನ್ನ ಸಾಲುಗಳನ್ನು ಗಟ್ಟಿಯಾಗಿ ಓದಿದರು. ಗೊಂಬೆ, ಬಟ್ಟೆ, ನೆಲದ ಆಹಾರ. ಕೊನೆಗೆ ಬರೆದವರ ಹೆಸರು. ಟೀಚರಮ್ಮ ತಿರುಗಿ ನನ್ನನ್ನು ನೋಡಿದರು. ಆ ನೋಟವನ್ನು ಎಲ್ಲಿ ಬರೆಯಲಿ?

"ಪ್ರತಿ ಮಾತೂ ನಿಜ," ಎಂದರು. ಅಷ್ಟೇ.

ಆ ಹೊತ್ತಿಗೆ ಸರಿಯಾಗಿ ಮಗನ ಕೈಯಿಂದ ಬಿಸ್ಕತ್ತಿನ ತುಂಡು ನೆಲಕ್ಕೆ ಬಿತ್ತು. ಟೀಚರಮ್ಮ ಬಗ್ಗಿದರು. ಮಂಡಿನೋವಿಗೆ ಮುಖ ಹಿಂಡಿಕೊಂಡು ಎತ್ತಿ ಟೇಬಲ್ಲಿನ ಮೇಲಿಟ್ಟರು. ಕೋಆರ್ಡಿನೇಟರ್ ಅವರ ಪೆನ್ನು ಆಡತೊಡಗಿತು.

"ಬರೀಬೇಡಿ!" ಎಂದು ಕನ್ನಡದಲ್ಲಿ ಕೂಗಿಬಿಟ್ಟೆ.

"ಎಂತದು?"

"ಬರೀಬೇಡಿ ಅಂದೆ. ಅದು ಮರೆವಲ್ಲ, ಅವರ ನೇಮ. ಊಟದಲ್ಲಿ ಬಿದ್ದದ್ದು ದೇವರಿಗೆ ಸೇರಿದ್ದು ಅಂತ."

"ನೀವೇ ಅಲ್ವಾ ಮಾರಾಯ್ರೆ ಎಂಟು ತಿಂಗಳಿಂದ ಬರ್ದದ್ದು? ನಾನು ಓದಿದ್ದು ಮಾತ್ರ."

"ಹೌದು, ನಾನೇ, ಬುದ್ಧಿಯಿಲ್ಲದೆ. ನಿಮ್ಮನೇಲಿ ಸಂಜೆ ರೋಜರಿ ಮಾಡುವಾಗ ಕ್ಯಾಂಡಲ್ ಹಚ್ಚಲ್ವಾ? ಮೇರಿಯಮ್ಮನ ಹತ್ರ ಮಾತಾಡಲ್ವಾ? ಯಾರಾದ್ರೂ ಬಂದು ಬರ್ಕೊಂಡ್ರಾ?"

"ಅದು ಬೇರೆ ಅಲ್ವಾ."

"ಏನು ಬೇರೆ?"

"ಅದು ಇಡೀ ಮನೆಯವರು ಕೂತು ಮಾಡುವಂಥದ್ದು. ಇದನ್ನು ಯಾರು ಮಾಡ್ತಾರೆ ಈಗ? ಸತ್ತು ಹೋದ ಧರ್ಮ."

"ಸತ್ತಿದ್ರೆ ಇವ್ರು ದಿನಾ ಯಾರಿಗೆ ಊಟ ಹಾಕ್ತಿರೋದು?"

"ಸಣ್ಣಕ್ಕೆ ಮಾತಾಡಿ, ಅವರ ಎದುರು," ಎಂದು ಆಕೆ ಹಲ್ಲು ಕಚ್ಚಿದರು.

ಮಗ ನಮ್ಮಿಬ್ಬರನ್ನೂ ನೋಡುತ್ತಾ, ಎಲ್ಲಾ ಸರಿಯಿದೆಯಾ ಎಂದು ಇಂಗ್ಲಿಷಿನಲ್ಲಿ ಕೇಳಿದ. ಕೋಆರ್ಡಿನೇಟರ್ ನಗುಮುಖ ಮಾಡಿ, "ಒಂದು ಚಿಕ್ಕ ಕ್ಲ್ಯಾರಿಫಿಕೇಶನ್," ಎಂದರು.

ನಾನು ಅವನ ಕಡೆ ತಿರುಗಿ ನನ್ನ ಹರಕು ಇಂಗ್ಲಿಷಿನಲ್ಲೇ ಹೇಳಿದೆ: ಸ್ವಾಮಿ, ನಾನೂ ದಿನಾ ಬೆಳಿಗ್ಗೆ ಬೇಳೆ ಡಬ್ಬದ ಮೇಲಿರುವ ವಿಗ್ರಹಗಳ ಜೊತೆ ಮಾತಾಡುತ್ತೇನೆ. ಹಾಲು ಇಡುತ್ತೇನೆ, ಬೆಂಕಿ ಹಚ್ಚುತ್ತೇನೆ. ನಾನು ಮಾಡಿದರೆ ನೀವು ಕಲ್ಚರ್ ಅನ್ನುತ್ತೀರಿ, ದೀಪಾವಳಿಗೆ ಆಫೀಸಿನಲ್ಲಿ ಫೋಟೋ ಹೊಡೆಸುತ್ತೀರಿ. ನಿಮ್ಮಮ್ಮ ಮಾಡಿದರೆ ಕಾಯಿಲೆಯಾ? ನನ್ನನ್ನು ಯಾವ ಆಶ್ರಮಕ್ಕೆ ಹಾಕುತ್ತೀರಿ? ಅವರ ಮಾತ್ರೆಯ ಹೆಸರು, ಹೊತ್ತು, ನಿಮ್ಮ ಮಕ್ಕಳ ಹುಟ್ಟಿದ ದಿನ ಅವರನ್ನೇ ಕೇಳಿ. ಒಂದು ತಪ್ಪಿದರೂ ನಾನೇ ಪೆಟ್ಟಿಗೆ ಕಟ್ಟುತ್ತೇನೆ.

ಅವನು ಅಮ್ಮನನ್ನು ಏನೂ ಕೇಳಲಿಲ್ಲ. ತಲೆ ತಗ್ಗಿಸಿ, "ನನಗೆ ಬೆಂಕಿಯ ಭಯ, ಅಷ್ಟೇ," ಎಂದ. ಅದು ಸುಳ್ಳಲ್ಲ, ಸ್ಕಾರ್ಫ್ ಸುಟ್ಟದ್ದು ನಿಜವೇ.

ಕೊನೆಗೆ ಇಷ್ಟಕ್ಕೆ ನಿಂತಿತು. ಸಿಡ್ನಿಯ ಮಾತು ಮೂರು ತಿಂಗಳು ಮುಂದಕ್ಕೆ. ಅಲ್ಲಿಯವರೆಗೆ ನನ್ನ ಶಿಫ್ಟ್ ಇರುವ ನಾಲ್ಕು ಬೆಳಿಗ್ಗೆ ಮಾತ್ರ, ನಾನು ಎದುರಿಗಿದ್ದಾಗ ಮಾತ್ರ ದೀಪ. ಬೆಂಕಿಪೊಟ್ಟಣ ಬಾಗಿಲಾಚೆಯ ನಂಬರು ಬೀಗದ ಪೆಟ್ಟಿಗೆಯಲ್ಲಿ, ಕೆಲಸದವರಿಗೆಂದು ಇಟ್ಟ ಮನೆಯ ಕೀಲಿಯ ಜೊತೆ. ಅದರ ನಂಬರು ನಮಗೆ ಗೊತ್ತು, ಮನೆಯ ಯಜಮಾನಿಗೆ ಹೇಳುವಂತಿಲ್ಲ. ಮಿಕ್ಕ ಮೂರು ದಿನ ದೇವರಿಗೆ ರಜೆ. ನನ್ನ ರೋಸ್ಟರ್ ನೋಡಿಕೊಂಡು ದೇವರು ಏಳಬೇಕು! ನನಗೆ ಜ್ವರ ಬಂದರೆ ಅವರಿಗೂ ಕತ್ತಲೆ. ಇದನ್ನು ಕೋಆರ್ಡಿನೇಟರ್ 'ಒಳ್ಳೆಯ ಫಲಿತಾಂಶ' ಎಂದು ಬರೆದುಕೊಂಡರು. ಹಳೆಯ ಸಾಲುಗಳನ್ನು ಅಳಿಸಿ ಎಂದೆ. ವರದಿ ಅಳಿಸಲು ಬರುವುದಿಲ್ಲವಂತೆ, ಕೆಳಗೆ ಸೇರಿಸಬಹುದಂತೆ ಅಷ್ಟೇ. ಹೊರಡುವಾಗ ಬಾಗಿಲ ಹತ್ತಿರ ಆಕೆ ಮೆಲ್ಲಗೆ, "ನಮ್ಮ ಆಲ್ಟರಿಗೆ ಈಗ ಬ್ಯಾಟರಿ ಕ್ಯಾಂಡಲ್ ಮಾರಾಯ್ರೆ, ಇನ್ಶೂರೆನ್ಸಿನವರು ಹೇಳಿದ್ದು," ಎಂದರು. ಸಮಾಧಾನಕ್ಕೆ ಹೇಳಿದರೋ ಬುದ್ಧಿ ಹೇಳಿದರೋ ತಿಳಿಯಲಿಲ್ಲ. ಎರಡೂ ನನಗೆ ಬೇಕಿರಲಿಲ್ಲ.

ಎಲ್ಲರೂ ಹೋದ ಮೇಲೆ ಕಪ್ ತೊಳೆದೆ. ಟೀಚರಮ್ಮ ಕಪಾಟಿನ ಎದುರು ಕುರ್ಚಿ ಹಾಕಿ ಕೂತಿದ್ದರು.

"ನಾಳೆ ಬೆಂಕಿಯಿಲ್ಲದ ದಿನವಾ?" ಎಂದರು.

"ಇಲ್ಲ, ನಾಳೆ ನಾನು ಬರ್ತೀನಿ. ಶುಕ್ರವಾರದಿಂದ ಮೂರು ದಿನ ಇಲ್ಲ."

"ಆ ಮೂರು ದಿನ ಹಾಲು, ಉಪ್ಪು ಕೊಡ್ತೀನಿ. ಅವರಿಗೆ ಸಿಟ್ಟು ಬರಬಹುದು, ಉಪವಾಸ ಇರಲ್ಲ."

"ನಿಮಗೆ ನನ್ನ ಮೇಲೆ ಸಿಟ್ಟಿದೆಯಾ?"

"ಇದೆ," ಎಂದರು, ನೇರವಾಗಿ. ಆಮೇಲೆ, "ಒಂಬತ್ತಕ್ಕೆ ಬಾ. ತಡ ಮಾಡಬೇಡ."

ಬಸ್ಸಿನಲ್ಲಿ ಕೂತು ಫೋನು ತೆಗೆದೆ. ಕಾಪಿ ಒತ್ತಲಿಲ್ಲ. 'ಪ್ರಾರ್ಥನೆ ಮಾಡಿದರು' ಎಂದು ಬರೆದೆ. ಹಿಂದಿನ ಎಲ್ಲ ಸಾಲುಗಳಲ್ಲಿ ಗೊಂಬೆ ಎಂದಿರುವುದು ಅವರ ಮನೆದೇವರು, ಬರೆದವಳ ತಪ್ಪು ಎಂದು ಸೇರಿಸಿದೆ. ಒಂದು ದಿನದ ಕೆಳಗೆ ಸೇರಿಸಿದರೆ ಅದೊಂದೇ ದಿನಕ್ಕೆ ಅಂಟುತ್ತದೆ. ಆದ್ದರಿಂದ ಒಂದೊಂದೇ ದಿನ ತೆಗೆದು, ಒಂದೊಂದರ ಕೆಳಗೂ ಬರೆಯುತ್ತಾ ಹೋದೆ. ಡ್ಯಾಂಡಿನಾಂಗ್ ಬರುವಷ್ಟರಲ್ಲಿ ಮೂರು ವಾರದ್ದು ಮುಗಿದಿತ್ತು. ಇನ್ನೂ ಏಳು ತಿಂಗಳಿದೆ.

ಮನೆಯಲ್ಲಿ ಗಂಡ ಇದನ್ನೆಲ್ಲ ಕೇಳಿ, "ನಿಂಗ್ಯಾಕೆ ಬೇಕಿತ್ತು? ಕೆಲಸ ತೆಗೆದ್ರೆ?" ಎಂದರು. ತೆಗೆಯಲಿ ಎಂದೆ. ತೆಗೆದರೆ ದೀಪ ಹಚ್ಚುವ ನಾಲ್ಕು ದಿನವೂ ಹೋಗುತ್ತದೆ ಎಂದು ಆಮೇಲೆ ಹೊಳೆದು ಇನ್ನಷ್ಟು ಸಿಟ್ಟು ಬಂತು, ಪಾತ್ರೆಗಳ ಮೇಲೆ ತೀರಿಸಿಕೊಂಡೆ. ಊಟಕ್ಕೆ ಅನ್ನ, ಹುರುಳಿಸಾರು, ಸುಟ್ಟ ಹಪ್ಪಳ. ಸಾರಿಗೆ ಉಪ್ಪು ಜಾಸ್ತಿಯಾಗಿತ್ತು. ಮೊದಲು ಮಲಗಿದವಳು ಮಗಳು, ಆಮೇಲೆ ಗಂಡ. ಫೋನು ಹಿಡಿದು ಕೂತ ನಾನು ಇನ್ನೂ ಮಾರ್ಚ್ ತಿಂಗಳ ವರದಿಗಳಲ್ಲಿದ್ದೇನೆ.