ನಾರ್ಮಲ್ ಎಂದವರ ಕೈಕಾಲು

ಪುಣೆಯ ಮಗರಪಟ್ಟಾದಲ್ಲಿ ನಮ್ಮ ಕಟ್ಟಡದ ಲಿಫ್ಟು ಒಂದು ವಾರದಿಂದ ಕರಕರ ಎನ್ನುತ್ತಿತ್ತು. ದುರಸ್ತಿಗೆ ಬಂದ ಮೆಕ್ಯಾನಿಕ್ ಕಿವಿಗೊಟ್ಟು ಕೇಳಿ, “ನಾರ್ಮಲ್ ಆಹೇ, ಸಾಹೇಬ್” ಎಂದ. ಆಮೇಲೆ ಚೀಲ ಹೆಗಲಿಗೇರಿಸಿ, ಒಂಬತ್ತನೇ ಮಹಡಿಯಿಂದ ಮೆಟ್ಟಿಲಿಳಿದೇ ಹೋದ.

ಅಂದಿನಿಂದ ಆ ಪದದ ಮೇಲೆ ನನಗೆ ಗುಮಾನಿ. ಯಾರಾದರೂ ನಾರ್ಮಲ್ ಎಂದರೆ ಅವರ ಬಾಯನ್ನಲ್ಲ, ಕೈಕಾಲು ನೋಡುತ್ತೇನೆ. ಹಿಂಜವಾಡಿಯ ನಮ್ಮ ಆಫೀಸಿನಲ್ಲಿ ಮ್ಯಾನೇಜರ್, ಜನರನ್ನು ಕೆಲಸದಿಂದ ತೆಗೆಯುವ ಸುದ್ದಿ ಸುಳ್ಳು, ಎಲ್ಲವೂ ನಾರ್ಮಲ್ ಎಂದರು. ಹಾಗೆನ್ನುತ್ತಲೇ ಮೇಜಿನ ಮೇಲಿದ್ದ ತಮ್ಮ ಮಕ್ಕಳ ಫೋಟೊ ಬ್ಯಾಗಿಗೆ ಹಾಕಿಕೊಂಡರು. ಡಾಕ್ಟರು ಅಮ್ಮನ ಇಸಿಜಿ ನಾರ್ಮಲ್ ಎನ್ನುತ್ತ ಇನ್ನೊಂದು ಪರೀಕ್ಷೆಗೆ ಚೀಟಿ ಬರೆದರು. ಇಂಗ್ಲಿಷಿನವರು ಈ ಪದವನ್ನು ಏತಕ್ಕೆ ಮಾಡಿಕೊಂಡರೋ ಕಾಣೆ. ಪುಣೆಯಲ್ಲಿ ಮಾತ್ರ ಇದು ಪ್ರಶ್ನೆ ಕೇಳುವವರ ಬಾಯಿಗೆ ಹಾಕುವ ಬೀಗ.

ಇದನ್ನೆಲ್ಲ ಊಟದ ಹೊತ್ತಿನಲ್ಲಿ ಹೆಂಡತಿಗೆ ಹೇಳಿ ನಗಿಸಿದವನು ನಾನೇ. ಕಳೆದ ವಾರ ನಾನು ನನ್ನ ರಕ್ತಪರೀಕ್ಷೆಯ ವರದಿ ತಂದಾಗ ಆಕೆ ಬಾಗಿಲಲ್ಲೇ ಕೇಳಿದಳು: “ಶುಗರ್ ಎಷ್ಟದರಿ?”

“ನಾರ್ಮಲ್ ಅದ” ಎಂದೆ.

ಆಕೆ ನನ್ನ ಮುಖ ನೋಡಲಿಲ್ಲ. ವರದಿಯನ್ನು ಬೆನ್ನ ಹಿಂದೆ ಹಿಡಿದಿದ್ದ ನನ್ನ ಕೈ ನೋಡಿದಳು.