ಕಿವಿಯ ತಪ್ಪೋ, ಎದೆಯ ತಪ್ಪೋ

ತುರ್ತು ಚಿಕಿತ್ಸಾ ವಿಭಾಗದಲ್ಲಿ ಇಪ್ಪತ್ತಾರು ವರ್ಷ ಸವೆಸಿದ ಡಾಕ್ಟರಮ್ಮನಿಗೆ ಕಿವಿ ಮಂದವಾಗುತ್ತಿದೆ ಎಂಬುದು ಮೊದಲು ತಿಳಿದದ್ದು ಅವರ ಗಂಡನಿಗೆ. ಶಾಲೆಯಲ್ಲಿ ಪಾಠ ಹೇಳಿ ಪಳಗಿದ ಮೇಷ್ಟರ ದನಿ ಅವರದು, ನಾಲ್ಕು ಕೋಣೆ ದಾಟಿ ಕೇಳುವಂಥದ್ದು.

"ಮೂರು ಸಲ ಕೂಗಿದೆ ಕಣೇ," ಎಂದು ಅವರು ಹೇಳಿದರೆ, "ಬಾಯೊಳಗೇ ಗೊಣಗಿದ್ರೆ ಯಾರಿಗೆ ಕೇಳುತ್ತೆ?" ಎಂದು ಇವರು ಅವರ ಮೇಲೆಯೇ ಹರಿಹಾಯುತ್ತಿದ್ದರು.

ಮನೆಯಲ್ಲಿ ಹೀಗೆ ಬಾಯಿ ಜೋರು ಮಾಡಿ ಗೆಲ್ಲಬಹುದಿತ್ತು. ವಾರ್ಡಿನಲ್ಲಿ ಅದು ನಡೆಯುವಂತಿರಲಿಲ್ಲ. ಸ್ಟೆತಸ್ಕೋಪ್ ಇಟ್ಟರೆ ರೋಗಿಯ ಎದೆಯ ಸದ್ದು ಗೋಡೆಯಾಚೆಯಿಂದ ಬಂದಂತಿರುತ್ತಿತ್ತು. ಒಮ್ಮೆ ಒಬ್ಬ ಅಜ್ಜನ ಎದೆ ನೋಡಿ, ತೊಂದರೆ ಏನಿಲ್ಲ ಎಂದು ಬರೆದುಬಿಟ್ಟರು. ಅವರ ಕೈಕೆಳಗಿನ ಕಿರಿಯ ಡಾಕ್ಟರ್, ಮಗಳ ವಯಸ್ಸಿನ ಹುಡುಗಿ, ಮತ್ತೊಮ್ಮೆ ಕೇಳಿ, "ಮೇಡಂ, ಬೆನ್ನಿನ ಕೆಳಗಡೆ ಗೊರಗೊರ ಅಂತಿದೆ," ಎಂದಳು. ಔಷಧಿ ಸಮಯಕ್ಕೆ ಸಿಕ್ಕಿತು, ಅಜ್ಜ ಬದುಕಿಕೊಂಡರು. ಡಾಕ್ಟರಮ್ಮ ಮಾತ್ರ ಅಂದು ಊಟದ ಡಬ್ಬಿ ತೆರೆಯದೆ ಹಾಗೇ ಮನೆಗೆ ಒಯ್ದರು. ಯಾರಿಗೂ ಕಾರಣ ಹೇಳಲಿಲ್ಲ.

ಹಾಸಿಗೆಯ ಪಕ್ಕಕ್ಕೇ ತಳ್ಳಿಕೊಂಡು ಬರುವ ಸ್ಕ್ಯಾನಿಂಗ್ ಯಂತ್ರವನ್ನು ಮಧ್ಯಾಹ್ನದ ಬಿಡುವಿನಲ್ಲಿ ಅವರು ಹಟ ಹಿಡಿದು ಕಲಿತದ್ದು ಆಮೇಲೆ. ಗುರು ಅದೇ ಹುಡುಗಿ. ಅಭ್ಯಾಸಕ್ಕೆ ಹೊಟ್ಟೆ ಕೊಟ್ಟವರು ಔಷಧಿ ಕೌಂಟರಿನ ದಪ್ಪನೆಯ ಮನುಷ್ಯ.

"ಬೆಳಿಗ್ಗೆ ತಿಂದಿದ್ದು ಕಾಣುತ್ತಾ ಮೇಡಂ?"

"ಕದ್ದು ತಿಂದಿದ್ದೂ ಕಾಣುತ್ತೆ. ಸುಮ್ನೆ ಮಲ್ಕೊಳ್ರೀ."

ಎರಡು ತಿಂಗಳ ಮೇಲೆ ಒಂದು ಬೆಳಿಗ್ಗೆ, ಹನ್ನೊಂದರ ಸುಮಾರಿಗೆ, ಬಟ್ಟೆ ಹೊಲಿಯುವ ಹೆಂಗಸೊಬ್ಬಳನ್ನು ಅವಳ ಅಕ್ಕ ತೋಳು ಹಿಡಿದು ಕರೆತಂದಳು. ನಲವತ್ತರ ಆಸುಪಾಸು, ಬೆವರಿ ತೊಪ್ಪೆಯಾಗಿದ್ದಳು.

"ಎರಡು ವಾರದಿಂದ ಜ್ವರ ಡಾಕ್ಟ್ರೇ," ಎಂದಳು ಅಕ್ಕ. "ನಿನ್ನೆಯಿಂದ ಮಲಗಕ್ಕೇ ಆಗ್ತಿಲ್ಲ ಇವಳಿಗೆ, ಉಸಿರು ಕಟ್ಟುತ್ತೆ ಅಂತಾಳೆ."

ರಕ್ತದೊತ್ತಡ ಎಪ್ಪತ್ತಕ್ಕೆ ಇಳಿದಿತ್ತು. ಕತ್ತಿನ ನರಗಳು ಉಬ್ಬಿದ್ದವು. ಡಾಕ್ಟರಮ್ಮ ಅವಳ ಎದೆಗೆ ಸ್ಟೆತಸ್ಕೋಪ್ ಇಟ್ಟರು. ಎಲ್ಲೋ ದೂರದಲ್ಲಿ, ಹೊದಿಕೆಯೊಳಗಿಂದ ಮಿಡಿದಂತೆ, ಸದ್ದು ಇದೆಯೋ ಇಲ್ಲವೋ ಎನ್ನುವಷ್ಟು ಕೇಳಿಸಿತು. ಇದು ನನ್ನ ಕಿವಿಯ ತಪ್ಪೋ, ಇವಳ ಎದೆಯ ತಪ್ಪೋ?

"ಯಂತ್ರ ತಗೊಂಬಾ," ಎಂದು ಕಿರಿಯ ಡಾಕ್ಟರಿಗೆ ಹೇಳಿದರು.

ಎದೆಗೆ ಜೆಲ್ ಸವರಿ ಯಂತ್ರದ ಹಿಡಿಯನ್ನು ಒತ್ತಿ ಹಿಡಿದರು. ಪರದೆಯ ಮೇಲೆ ಹೃದಯ ಕಂಡಿತು. ಅದರ ಸುತ್ತ ಕಪ್ಪಗೆ ದಪ್ಪನೆಯ ಪಟ್ಟಿ. ಹೃದಯದ ಚೀಲದಲ್ಲಿ ನೀರು ತುಂಬಿತ್ತು. ಆ ಒತ್ತಡದಲ್ಲಿ ಹೃದಯ ಹಿಗ್ಗಲಾರದೆ ಒದ್ದಾಡುತ್ತಿತ್ತು. ಅಷ್ಟು ನೀರಿನಾಚೆಯ ಮಿಡಿತ ಯಾರ ಕಿವಿಗಾದರೂ ಮಂದವಾಗಿಯೇ ಕೇಳಬೇಕು.

ಹೃದಯದ ತಜ್ಞರು ಇನ್ನೊಂದು ಕಟ್ಟಡದಿಂದ ಬರಬೇಕಿತ್ತು. ಅಷ್ಟರಲ್ಲಿ ಒತ್ತಡ ಅರವತ್ತಕ್ಕೆ ಬಿತ್ತು. ಕಾಯುವ ಹಾಗಿರಲಿಲ್ಲ. ಹುಡುಗಿ ಯಂತ್ರದ ಹಿಡಿ ಹಿಡಿದಳು, ಡಾಕ್ಟರಮ್ಮ ಸೂಜಿ ಹಿಡಿದರು. ಪರದೆಯ ಮೇಲಿಂದ ಕಣ್ಣು ಕೀಳದೆ, ಸೂಜಿಯನ್ನು ಎದೆಯೊಳಗೆ ಕೂದಲೆಳೆಯಷ್ಟಷ್ಟೇ ಮುಂದೆ ಸರಿಸಿ, ಕೆಂಪು ಬೆರೆತ ನೀರನ್ನು ಸಿರಿಂಜಿಗೆ ಎಳೆದರು. ಮೂರನೇ ಸಿರಿಂಜ್ ತುಂಬುವಾಗ ಹೆಂಗಸು ದೀರ್ಘವಾಗಿ ಉಸಿರೆಳೆದುಕೊಂಡು, "ಅಕ್ಕಾ," ಎಂದಳು. ಹಾಸಿಗೆ ಸುತ್ತಲಿನ ಬಟ್ಟೆಯ ತೆರೆಯಾಚೆ ನಿಂತಿದ್ದ ಅಕ್ಕ ಅಲ್ಲೇ ಕುಸಿದು ಕೂತು ಅತ್ತಳು.

ತಜ್ಞರು ಬಂದು ರೋಗಿಯನ್ನು ಕರೆದೊಯ್ದ ಮೇಲೆ ಡಾಕ್ಟರಮ್ಮ ಕೈ ತೊಳೆಯುತ್ತಾ ಹುಡುಗಿಗೆ ಹೇಳಿದರು, "ನನ್ನ ಕಿವಿ ಹೋಗ್ತಾ ಇದೆ ಕಣಮ್ಮಾ."

"ಗೊತ್ತು ಮೇಡಂ."

"ಗೊತ್ತಿದ್ದೂ ಸುಮ್ನಿದ್ಯಾ?"

"ಹೇಗೆ ಹೇಳ್ಬೇಕೋ ತಿಳೀಲಿಲ್ಲ."

"ಆ ಅಜ್ಜ ಹೋಗ್ಬಿಟ್ಟಿದ್ರೆ?"

ಡಾಕ್ಟರಮ್ಮ ನಲ್ಲಿ ನಿಲ್ಲಿಸಿ, ನೇರ ವಿಭಾಗದ ಮುಖ್ಯಸ್ಥರ ಕೋಣೆಗೆ ಹೋಗಿ ಅಜ್ಜನ ವಿಷಯವನ್ನೂ ಸೇರಿಸಿ ಎಲ್ಲ ಹೇಳಿದರು. ಮುಖ್ಯಸ್ಥರು ಮುಖ ಗಂಟಿಕ್ಕಿದರು, ಬೈದರು, ಆಮೇಲೆ ಕಿವಿ ಪರೀಕ್ಷೆಗೆ ಚೀಟಿ ಬರೆದರು. ಕಿವಿಗೆ ಶ್ರವಣಯಂತ್ರ ಕೂರುವ ತನಕ ಡಾಕ್ಟರಮ್ಮ ನೋಡಿದ ಪ್ರತಿ ಎದೆಯನ್ನೂ ಇನ್ನೊಬ್ಬರು ಕೇಳಬೇಕೆಂದು ಆದೇಶ ಮಾಡಿದರು.

ಹನ್ನೆರಡನೇ ದಿನ ಹೊಲಿಗೆಯವಳು ತನ್ನ ಕಾಲ ಮೇಲೆ ನಡೆದು ಮನೆಗೆ ಹೋದಳು. ಮರುವಾರ ಡಾಕ್ಟರಮ್ಮ ಕಿವಿಗೆ ಯಂತ್ರ ಹಾಕಿಕೊಂಡು ಕೆಲಸಕ್ಕೆ ಬಂದರು. ವಾರ್ಡಿನ ಬಾಗಿಲು ತಳ್ಳಿದವರೇ ಬೆಚ್ಚಿಬಿದ್ದರು.

"ಈ ಬಾಗಿಲು ಯಾವಾಗಿಂದ ಹೀಗೆ ಕಿರುಚುತ್ತೆ?"

"ಐದು ವರ್ಷ ಆಯ್ತು ಮೇಡಂ," ಎಂದಳು ಹಿರಿಯ ನರ್ಸ್, ತಲೆಯೆತ್ತದೆ.

"ಯಾರಾದ್ರೂ ಎಣ್ಣೆ ಹಾಕ್ರಪ್ಪಾ," ಎಂದು ಡಾಕ್ಟರಮ್ಮ ಮೊದಲ ಹಾಸಿಗೆಯ ಕಡೆ ನಡೆದರು.